ಬೀಟಾ ಕೊಡಿ, ಆದರೆ ಆವೃತ್ತಿ ಸಂಖ್ಯೆ ನೋಡಿ ಬರೆಯಿರಿ

ಸಂಖ್ಯಾಶಾಸ್ತ್ರದ ತಂತ್ರಾಂಶ ಕಟ್ಟುವ ತಂಡಗಳು ಒಂದು ಸೂತ್ರದ ನಿಖರತೆಗಾಗಿ ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತವೆ. ಲಿನಕ್ಸ್ ಬಳಕೆದಾರರಿಗೆ ಬೀಟಾ, ಅಂದರೆ ಅಂತಿಮ ಬಿಡುಗಡೆಗೆ ಮುಂಚಿನ ಪ್ರಾಯೋಗಿಕ ಆವೃತ್ತಿ, ಬಿಡುವ ದಿನ ಮಾತ್ರ ಆವೃತ್ತಿ ಸಂಖ್ಯೆಯನ್ನು ಕೈಗೆ ಬಂದಂತೆ ಬರೆದುಬಿಡುತ್ತವೆ. ಎಷ್ಟು ಸಲ ಹೇಳಿದರೂ ಇದೇ ತಪ್ಪು.

ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವಿತರಣೆಗಳಲ್ಲಿ ತಂತ್ರಾಂಶ ಹಾಕುವ, ನವೀಕರಿಸುವ ಪ್ಯಾಕೇಜ್ ವ್ಯವಸ್ಥೆಗೆ ‘ಬೀಟಾ’ ಎಂಬ ಪದದ ಅರ್ಥ ಗೊತ್ತಿಲ್ಲ. ಅದು ಅಕ್ಷರ, ಅಂಕಿಗಳನ್ನಷ್ಟೇ ಹೋಲಿಸುತ್ತದೆ. 2.0ಬೀಟಾ1 ಎಂದರೆ ಅದಕ್ಕೆ 2.0ಕ್ಕಿಂತ ಹೊಸದು. ಅಡ್ಡಗೆರೆ ಹಾಕಿ 2.0-ಬೀಟಾ1 ಎಂದರೂ ಉಪಯೋಗವಿಲ್ಲ. ಅಡ್ಡಗೆರೆಯ ಆಚೆಯದು ಪ್ಯಾಕೇಜಿನ ಪರಿಷ್ಕರಣೆ ಎಂದಾಗುತ್ತದೆ, ಅದು ಅಂತಿಮ ಆವೃತ್ತಿಯ ಮೊದಲ ಪ್ಯಾಕೇಜಾದ 2.0-1ಕ್ಕಿಂತ ಮೇಲೆ ಕೂರುತ್ತದೆ. ಅಂತಿಮ 2.0 ಬಂದಾಗ ನಿಮ್ಮನ್ನು ನಂಬಿ ಬೀಟಾ ಹಾಕಿಕೊಂಡವರಿಗೇ ಅದು ತಲುಪುವುದಿಲ್ಲ. ದೋಷಗಳಿರುವ ಬೀಟಾದಲ್ಲೇ ಅವರು ಉಳಿಯುತ್ತಾರೆ, ಅದೂ ತಿಳಿಯದೆ. ಬರೆಯಬೇಕಾದದ್ದು 2.0~ಬೀಟಾ1-1. ಹೋಲಿಕೆಯಲ್ಲಿ ಟಿಲ್ಡ್ ಚಿಹ್ನೆ (~), ಅದರ ಜಾಗದಲ್ಲಿ ಏನೂ ಇಲ್ಲದಿರುವುದಕ್ಕಿಂತಲೂ ಕೆಳಗೆ. ಫೆಡೋರಾದಂಥ ವಿತರಣೆಗಳು ಬಳಸುವ ಪ್ಯಾಕೇಜ್ ವ್ಯವಸ್ಥೆ, ಈಗಿನ ಆರ್‌ಪಿಎಂ ಕೂಡ ಇದನ್ನು ಒಪ್ಪುತ್ತದೆ. ಅನುಮಾನವಿದ್ದರೆ ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಸಾಧನವಾದ ಡಿಪಿಕೆಜಿಯ ಆವೃತ್ತಿ ಹೋಲಿಕೆಯ ಆಯ್ಕೆಯಲ್ಲಿ ಎರಡನ್ನೂ ಇಟ್ಟು ನೋಡಿ, ಅರ್ಧ ನಿಮಿಷದ ಕೆಲಸ. ತಪ್ಪಿದ ಮೇಲೆ ‘ಇಪಾಕ್’, ಅಂದರೆ ಆವೃತ್ತಿಯ ಮುಂದೆ ಬಂದು ಮಿಕ್ಕೆಲ್ಲಕ್ಕಿಂತ ಮೊದಲು ಹೋಲಿಕೆಯಾಗುವ ಒಂದು ಸಂಖ್ಯೆ, ಸೇರಿಸಿ ಸರಿಪಡಿಸಬಹುದು, ಆದರೆ ಒಮ್ಮೆ ಸೇರಿಸಿದ ಇಪಾಕ್ ಆ ಪ್ಯಾಕೇಜಿನ ಹೆಗಲಿನಿಂದ ಇಳಿಯುವುದಿಲ್ಲ.

ಬೀಟಾಕ್ಕೆ ರೆಪೊಸಿಟರಿಯೂ, ಅಂದರೆ ಪ್ಯಾಕೇಜ್‌ಗಳು ಸಿಗುವ ಭಂಡಾರವೂ, ಬೇರೆ ಇರಲಿ. ಅದರ ರಿಲೀಸ್ ಕಡತದಲ್ಲಿ ‘ನಾಟ್‌ಆಟೋಮ್ಯಾಟಿಕ್’ ಎಂದು ಗುರುತಿಸಿದರೆ ಆದ್ಯತೆ ಮಾಮೂಲಿ 500ರಿಂದ 1ಕ್ಕೆ ಇಳಿಯುತ್ತದೆ. ಕೇಳದವರಿಗೆ ಬೀಟಾ ಹೋಗುವುದಿಲ್ಲ. ಜೊತೆಗೆ ‘ಬಟ್‌ಆಟೋಮ್ಯಾಟಿಕ್‌ಅಪ್‌ಗ್ರೇಡ್ಸ್’ ಇಟ್ಟರೆ ಆದ್ಯತೆ 100. ಬೀಟಾ1 ಇರುವವರಿಗೆ ಬೀಟಾ2 ತಾನಾಗಿ ಸಿಗುತ್ತದೆ. ಯಾವ ವಿತರಣೆಗಾದರೂ ಹೊಂದುವ ಪ್ಯಾಕೇಜ್ ವಿಧಾನವಾದ ಫ್ಲ್ಯಾಟ್‌ಪ್ಯಾಕ್ ಬಳಸಿದರೆ ಇದೆಲ್ಲ ತಪ್ಪುತ್ತದೆ ಅನ್ನುವವರು ಒಂದನ್ನು ಗಮನಿಸಬೇಕು: ಸ್ಥಿರ ಮತ್ತು ಬೀಟಾ ಶಾಖೆಗಳಿಗೆ ಆ್ಯಪ್‌ನ ಗುರುತು ಒಂದೇ ಆಗಿದ್ದರೆ ಬಳಕೆದಾರನ ಸೆಟ್ಟಿಂಗ್ಸ್ ಫೋಲ್ಡರ್ ಕೂಡ ಒಂದೇ. ಬೀಟಾ ತಿದ್ದಿದ್ದನ್ನೇ ಸ್ಥಿರ ಆವೃತ್ತಿ ಓದುತ್ತದೆ.

ಅಂಕಿಅಂಶದ ತಂತ್ರಾಂಶಕ್ಕೆ ಇನ್ನೊಂದು ಅಪಾಯವಿದೆ. ಏನೂ ಕೆಡದೆ ಉತ್ತರ ಮಾತ್ರ ಬದಲಾಗಬಹುದು. ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಯಾದ ‘ಆರ್’ನ 2019ರ ಆವೃತ್ತಿ 3.6.0ರಲ್ಲಿ ಯಾದೃಚ್ಛಿಕ ಮಾದರಿ ಆರಿಸುವ ವಿಧಾನ ಬದಲಾಯಿತು. ಅದೇ ಬೀಜಸಂಖ್ಯೆ (ಯಾದೃಚ್ಛಿಕ ಆಯ್ಕೆಯನ್ನು ಮತ್ತೆ ಹಾಗೆಯೇ ಪಡೆಯಲು ಕೊಡುವ ಆರಂಭಿಕ ಸಂಖ್ಯೆ) ಕೊಟ್ಟರೂ ಬೇರೆ ಮಾದರಿ ಬರಬಹುದು. ಅದೇ ಬಿಡುಗಡೆಯಿಂದ ದತ್ತಾಂಶ ಉಳಿಸುವ ಪೂರ್ವನಿಯೋಜಿತ ಸ್ವರೂಪವೂ ಬದಲಾಯಿತು, 3.5.0ಕ್ಕಿಂತ ಹಿಂದಿನ ಆರ್‌ಗೆ ಆ ಕಡತಗಳನ್ನು ಓದಲಾಗದು. ಪ್ರಬಂಧದ ನಡುವೆ ಇರುವ ಸಂಶೋಧಕಿಗೆ ಹೀಗಾದರೆ ಹಿಂದಿರುಗುವ ದಾರಿಯೇ ಮುಚ್ಚಿದಂತೆ.

ಆದ್ದರಿಂದ ಸಾಧ್ಯವಿದ್ದಲ್ಲಿ ಬೀಟಾಕ್ಕೆ ಬೇರೆ ಪ್ಯಾಕೇಜ್ ಹೆಸರು, ಆಪ್ಟ್ (/opt) ಡೈರೆಕ್ಟರಿಯಲ್ಲಿ ಪ್ರತ್ಯೇಕ ಜಾಗ, ಪ್ರತ್ಯೇಕ ಸೆಟ್ಟಿಂಗ್ಸ್ ಫೋಲ್ಡರ್ ಕೊಡಿ. ಎರಡು ಪ್ಯಾಕೇಜ್‌ಗಳು ಒಂದೇ ಕಡತವನ್ನು ತಮ್ಮದೆಂದರೆ ಡಿಪಿಕೆಜಿ ಎರಡನೆಯದನ್ನು ಒಳಗೆ ಬಿಡದು. ಹೆಸರು ಬೇರೆಯಾದರೆ ಅಂತಿಮ ಆವೃತ್ತಿ ಬೀಟಾದ ಜಾಗಕ್ಕೆ ತಾನಾಗಿ ಬರುವುದಿಲ್ಲ ಎಂಬುದನ್ನೂ ಬಳಕೆದಾರರಿಗೆ ತಿಳಿಸಿ. ಹಳೆಯ ಕಡತದ ಮೇಲೆ ಬರೆಯುವ ಮುನ್ನ ಬೀಟಾ ಕೇಳಲಿ. ಬಿಡುವ ಮುಂಚೆ ಖಾಲಿ ಕಂಟೇನರ್‌ನಲ್ಲಿ (ಯಂತ್ರದ ಉಳಿದ ಭಾಗದಿಂದ ಬೇರ್ಪಟ್ಟ ಪರಿಸರದಲ್ಲಿ) ಸ್ಥಿರ, ಬೀಟಾ, ಅಂತಿಮ ಈ ಮೂರನ್ನೂ ಕ್ರಮವಾಗಿ ಹಾಕಿ, ಕೊನೆಗೆ ತೆಗೆದು ನೋಡಿ. ಬಳಕೆದಾರರು ನಡೆಯುವುದು ಅದೇ ಕ್ರಮದಲ್ಲಿ.