ಮೊದಲು ತೂಕ, ಆಮೇಲೆ ಬಂಪರ್: ದೂರದ ಹಾದಿಗೆ ಪಿಕಪ್ ಸಜ್ಜುಗೊಳಿಸುವವರಿಗೆ

ಪಿಕಪ್ ಗಾಡಿಯನ್ನು ಲಡಾಖ್‌ಗೋ ಸ್ಪಿತಿ ಕಣಿವೆಗೋ ಕಚ್ಛ್‌ನ ರಣಕ್ಕೋ ಒಯ್ಯುವಂತೆ ಸಜ್ಜುಮಾಡಿಕೊಡಿ ಎಂದು ಬರುವವರನ್ನು ನಾನು ಮೊದಲು ಕಳುಹಿಸುವುದು ಇಡೀ ಗಾಡಿಯನ್ನೇ ತೂಗುವ ವೇಬ್ರಿಡ್ಜ್‌ಗೆ. ದಾವಣಗೆರೆಯಲ್ಲಿ ಅದಕ್ಕೇನೂ ಬರವಿಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಕಾಟಾಗಳ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು ನಿಂತಿರುತ್ತದೆ ನಿಜ, ಆದರೆ ಬೆಳಿಗ್ಗೆ ಬೇಗ ಹೋದರೆ ಹತ್ತು ನಿಮಿಷದ ಕೆಲಸ. ಬರುವವರ ಮೊಬೈಲ್ ತುಂಬ ಆಸ್ಟ್ರೇಲಿಯಾದ ಗಾಡಿಗಳ ಚಿತ್ರಗಳು: ಮುಂದೆ ಉಕ್ಕಿನ ಬಂಪರ್, ಪಕ್ಕದಲ್ಲಿ ಎಂಜಿನ್‌ಗೆ ಗಾಳಿ ಒಯ್ಯುವ ಎತ್ತರದ ಕೊಳವೆ ಸ್ನಾರ್ಕೆಲ್, ಮೇಲೆ ಟೆಂಟ್. ಚಿತ್ರದಲ್ಲಿ ತೂಕ ಕಾಣುವುದಿಲ್ಲ. ಹಾದಿಯಲ್ಲಿ ಕೈಕೊಟ್ಟು ನನ್ನ ಗ್ಯಾರೇಜಿಗೆ ಬಂದ ಪಿಕಪ್‌ಗಳಲ್ಲಿ ಹೆಚ್ಚಿನವು ಅತಿಭಾರದಿಂದಲೇ ಕೆಟ್ಟವು.

ತೂಕ ಹಾಕಿಸುವುದಕ್ಕೂ ಒಂದು ಕ್ರಮವಿದೆ. ಡೀಸೆಲ್ ಟ್ಯಾಂಕ್ ತುಂಬಿಸಿಕೊಂಡು ಹೋಗಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ ಕಾಟಾದ ಮೇಲೆ ಹತ್ತಿಸಿ ಚೀಟಿ ಪಡೆಯಿರಿ, ಆಮೇಲೆ ಇಡೀ ಗಾಡಿ, ಕೊನೆಗೆ ಮುಂದಿನ ಚಕ್ರಗಳನ್ನು ಆಚೆ ಇಳಿಸಿ ಹಿಂದಿನವು ಮಾತ್ರ. ಗಾಡಿಯ ಒಟ್ಟು ತೂಕದ ಮಿತಿ ಮತ್ತು ಚಕ್ರಗಳ ಜೋಡಿಯನ್ನು ಹಿಡಿದಿಡುವ ಅಚ್ಚುಗಳ, ಅಂದರೆ ಆಕ್ಸಲ್‌ಗಳ ಮಿತಿ ತಯಾರಕರ ಫಲಕದಲ್ಲಿ ಅಥವಾ ಕೈಪಿಡಿಯಲ್ಲಿ ಸಿಗುತ್ತವೆ. ಆ ಮಿತಿಯಿಂದ ಚೀಟಿಯ ತೂಕವನ್ನು ಕಳೆದರೆ ಉಳಿಯುವುದೇ ನಿಮ್ಮ ಬಂಡವಾಳ. ಜನ, ನೀರು, ಅಡುಗೆ ಸಾಮಾನು, ಬಂಪರ್ ಎಲ್ಲವೂ ಅದರೊಳಗೇ ಬರಬೇಕು.

ಈಗ ಲೆಕ್ಕ ಹಾಕಿ ನೋಡಿ. ಹಿಂದಿನ ಬಾಡಿಯ ಮೇಲೆ ಫೈಬರ್ ಮುಚ್ಚಳ 60 ಕಿಲೋ, ಅದರ ಮೇಲೆ ಟೆಂಟ್ 60, ಪ್ಲೈವುಡ್ ಡ್ರಾಯರ್‌ಗಳು 80, ಅರವತ್ತು ಲೀಟರ್ ನೀರು ಅಂದರೆ 60, ನಲವತ್ತು ಲೀಟರ್ ಹೆಚ್ಚುವರಿ ಡೀಸೆಲ್ ಕ್ಯಾನ್ ಬಿಟ್ಟು 33, ಸಾಮಾನು ತುಂಬಿದ ಫ್ರಿಜ್ 40, ಎರಡನೆಯ ಬ್ಯಾಟರಿ 28, ಎರಡನೆಯ ಸ್ಟೆಪ್ನಿ 35, ಉಕ್ಕಿನ ಬಂಪರ್ ಮತ್ತು ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಸೇರಿ 90. ಯಾವುದೂ ಉತ್ಪ್ರೇಕ್ಷೆಯಲ್ಲ, ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ಸಾಮಾನುಗಳು. ಒಟ್ಟು 486 ಕಿಲೋ. ಇನ್ನೂ ಒಬ್ಬರೂ ಗಾಡಿ ಹತ್ತಿಲ್ಲ. ನಾಲ್ವರು ಕುಳಿತರೆ ಏಳುನೂರೈವತ್ತನ್ನು ದಾಟುತ್ತದೆ. ನಮ್ಮಲ್ಲಿ ಸಿಗುವ ಡಬಲ್ ಕ್ಯಾಬ್ ಪಿಕಪ್ ಯಾವುದಾದರೂ ಸರಿ, ಇಷ್ಟನ್ನು ಹೇರುವ ಮುನ್ನ ಮಾಲೀಕರು ಆ ಫಲಕವನ್ನು ಒಮ್ಮೆ ಓದಲೇಬೇಕು.

ಒಟ್ಟು ತೂಕಕ್ಕಿಂತ ಕೆಟ್ಟದ್ದು ತೂಕ ಕೂರುವ ಜಾಗ. ಟೊಯೋಟಾದ ಹೈಲಕ್ಸ್ ಪಿಕಪ್ ಆಗಲಿ ಇಸುಜುವಿನ ವಿ-ಕ್ರಾಸ್ ಆಗಲಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ ಸುಮಾರು 3.1 ಮೀಟರ್. ಹಿಂದಿನ ಆಕ್ಸಲ್‌ನಿಂದ ಒಂದೂಕಾಲು ಮೀಟರ್ ಆಚೆ, ಬಾಲದ ತುದಿಯಲ್ಲಿ, 100 ಕಿಲೋ ನೇತುಹಾಕಿದಿರಿ ಎನ್ನಿ. ಆಗ ಹಿಂದಿನ ಆಕ್ಸಲ್ ಮೇಲೆ ಬೀಳುವುದು 140 ಕಿಲೋ, ಮುಂದಿನ ಆಕ್ಸಲ್ ಕಳೆದುಕೊಳ್ಳುವುದು 40. ಏತದ ಮರದಂತೆ, ಬಾಲ ಇಳಿದಷ್ಟೂ ಮೂತಿ ಏಳುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಗುಂಡಿಗೆ ಬಿದ್ದಾಗಲೆಲ್ಲ ಗಾಡಿಯ ಉಕ್ಕಿನ ಚೌಕಟ್ಟಾದ ಚಾಸಿಸ್ ಬಾಗಿ ಏಳುತ್ತದೆ. ಎರಡು ಸ್ಟೆಪ್ನಿ, ನೀರಿನ ಕ್ಯಾನ್, ಡೀಸೆಲ್ ಕ್ಯಾನ್ ಎಲ್ಲವನ್ನೂ ಹಿಂದಿನ ಬಂಪರಿಗೆ ಜೋತುಬಿಡುವ ಚರಣಿಗೆಯನ್ನು ನಾನು ಮಾಡಿಕೊಡುವುದಿಲ್ಲ. ನೀರಿನ ತೊಟ್ಟಿ ಕ್ಯಾಬಿನ್ನಿನ ಬೆನ್ನಿಗೆ ಒತ್ತಿ, ತಳಮಟ್ಟದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಬೇಕು. ಹಗುರವಾದ ಹಾಸಿಗೆ ಬಟ್ಟೆಗಳು ಹಿಂದಕ್ಕೆ ಹೋಗಲಿ.

ಚಾಸಿಸ್ ಬಾಗುತ್ತಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಕ್ಯಾಬಿನ್ ಮತ್ತು ಹಿಂದಿನ ಬಾಡಿಯ ನಡುವೆ ಒಂದು ಸಂದಿ ಇರುತ್ತದೆ. ಗಾಡಿ ಹೊಸದಿದ್ದಾಗಲೇ ಅದರ ಅಗಲವನ್ನು ಮೇಲೆ ಮತ್ತು ಕೆಳಗೆ, ಎರಡೂ ಬದಿಯಲ್ಲಿ ಅಳೆದು ಬರೆದಿಡಿ. ಬಾಲ ಜಗ್ಗಿದ ಗಾಡಿಯಲ್ಲಿ ಸಂದಿ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗುತ್ತದೆ. ಅದು ಕಂಡರೆ ಗಾಡಿಯ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಸ್ಪ್ರಿಂಗ್ ಕೊಂಡಿಗಳ ಸುತ್ತಲಿನ ಬಣ್ಣ ನೋಡಬೇಕು. ಬಿರುಕು ಮೊದಲು ಲೋಹದಲ್ಲಿ ಕಾಣುವುದಿಲ್ಲ. ಬಣ್ಣದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ, ಅದರೊಳಗೆ ತುಕ್ಕಿನ ಕೆಂಪು, ಅಷ್ಟೇ.

ಬಾಲ ಇಳಿದಿದೆ ಎಂದು ಹೆದ್ದಾರಿ ಬದಿಯ ಲಾರಿ ಗ್ಯಾರೇಜಿಗೆ ಹೋದರೆ ಹಿಂದಿನ ಸ್ಪ್ರಿಂಗಿಗೆ ಒಂದು ಪಾಟಾ, ಅಂದರೆ ಉಕ್ಕಿನ ಪಟ್ಟಿ, ಹೆಚ್ಚಿಗೆ ಸೇರಿಸಿ ಕಳುಹಿಸುತ್ತಾರೆ. ಆ ಕೈಗಳ ಕೆಲಸದ ಬಗ್ಗೆ ನನಗೆ ಗೌರವವಿದೆ, ಆದರೆ ದಿನವೂ ಭಾರ ಹೊರುವ ಗಾಡಿಯ ಲೆಕ್ಕವೇ ಬೇರೆ. ಪಿಕಪ್ ವರ್ಷದಲ್ಲಿ ಬಹುಕಾಲ ಖಾಲಿಯೇ ಓಡುತ್ತದೆ. ಬಿರುಸಾದ ಪಾಟಾ ಹಾಕಿದ ಖಾಲಿ ಗಾಡಿ ಜಲ್ಲಿ ರಸ್ತೆಯ ತಿರುವಿನಲ್ಲಿ ಹಿಂಬದಿಯನ್ನು ಕುಪ್ಪಳಿಸಿ ಪಕ್ಕಕ್ಕೆ ಎಸೆಯುತ್ತದೆ. ಇನ್ನೊಂದು ತೊಂದರೆ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಒಂದು ಸರಳು, ಅದರ ತುದಿಗೆ ಬ್ರೇಕ್ ವಾಲ್ವ್ ಇರುತ್ತದೆ. ಭಾರ ಬಿದ್ದು ಚಾಸಿಸ್ ಇಳಿದಾಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ನೀವು ಸ್ಪ್ರಿಂಗ್‌ನಿಂದ ಹಿಂಬದಿಯನ್ನು ಎತ್ತಿಬಿಟ್ಟರೆ, ಗಾಡಿ ಖಾಲಿ ಇದೆ ಎಂದು ಆ ವಾಲ್ವ್ ಎಣಿಸುತ್ತದೆ. ಗಾಡಿಯಲ್ಲಿ ಪೂರ್ತಿ ಭಾರ, ಹಿಂದಿನ ಬ್ರೇಕ್ ಅರೆಬರೆ. ಪಾಟಾ ಬದಲಾಯಿಸಿದವರು ಆ ಸರಳನ್ನೂ ಹೊಂದಿಸಲೇಬೇಕು.

ಪಾಟಾಗೂ ಚಾಸಿಸ್‌ಗೂ ನಡುವೆ ಗಾಳಿಚೀಲ ಹಾಕಿಸುವವರೂ ಇದ್ದಾರೆ. ಬಾಲ ಏಳುತ್ತದೆ, ನೋಡಲು ಚೆಂದ. ಆದರೆ ಪಾಟಾಗಳಿಂದಾದ ಲೀಫ್ ಸ್ಪ್ರಿಂಗ್ ಭಾರವನ್ನು ತನ್ನ ಎರಡು ತುದಿಗಳ ಮೂಲಕ ಚಾಸಿಸ್‌ಗೆ ಹಂಚಿದರೆ, ಗಾಳಿಚೀಲ ಅದನ್ನು ನಟ್ಟನಡುವಿನ ಒಂದೇ ಬಿಂದುವಿಗೆ ಒತ್ತುತ್ತದೆ. ಅತಿಭಾರದ ಗಾಡಿಯ ಚಾಸಿಸ್ ಬಾಗುವುದು ಹೆಚ್ಚಾಗಿ ಅಲ್ಲಿಯೇ. ನನ್ನ ಸಲಹೆ: ನೀವು ಯಾವಾಗಲೂ ಹೊರುವ ಭಾರಕ್ಕೆ ತಕ್ಕ ಪೂರ್ತಿ ಪಾಟಾ ಸೆಟ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್.

ಟೈರ್ ವಿಷಯದಲ್ಲಿ ನಮ್ಮ ಮಣ್ಣೇ ಪಾಠ ಹೇಳುತ್ತದೆ. ಚಿತ್ರದುರ್ಗದ ಸುತ್ತಲಿನ ಕಲ್ಲುಗುಡ್ಡಗಳ ಹಾದಿಗೆ ಪಕ್ಕದ ಗೋಡೆ ಗಟ್ಟಿಯಿರುವ, ಎಲ್ಲ ಬಗೆಯ ನೆಲಕ್ಕೂ ಆಗುವ ಆಲ್ ಟೆರೇನ್ ಟೈರ್ ಸಾಕು. ದೊಡ್ಡ ಹಲ್ಲಿನ ಮಡ್ ಟೈರ್ ಹಾಕಿಸಿದರೆ ಎರೆ ಹೊಲವನ್ನು ದಾಟಬಹುದೆಂಬ ನಂಬಿಕೆ ಇದೆ. ಮಳೆ ಬಿದ್ದ ಎರೆಮಣ್ಣು ಯಾವ ಹಲ್ಲನ್ನೂ ಲೆಕ್ಕಿಸುವುದಿಲ್ಲ. ಎರಡು ಸುತ್ತು ಉರುಳುವಷ್ಟರಲ್ಲಿ ಟೈರ್ ನುಣ್ಣನೆಯ ಮಣ್ಣಿನ ಗಾಲಿಯಾಗುತ್ತದೆ, ಮಡ್‌ಗಾರ್ಡ್ ಒಳಗೆ ಮಣ್ಣು ಕೂತು ಪ್ಲಾಸ್ಟಿಕ್ಕನ್ನು ಕಿತ್ತುಹಾಕುತ್ತದೆ. ಅಲ್ಲಿ ಇರುವ ಉಪಾಯ ಒಂದೇ: ಒಂದು ಬಿಸಿಲು ಕಾಯುವುದು. ಮರಳಿನಲ್ಲಾದರೆ ಗಾಳಿ ಇಳಿಸಬೇಕು. 16ರಿಂದ 18 ಪಿಎಸ್‌ಐಗೆ ಇಳಿಸಿದರೆ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು ತೇಲುತ್ತದೆ. ಆ ಒತ್ತಡದಲ್ಲಿ ವೇಗವಾಗಿ ಓಡಿಸಬಾರದು, ಸ್ಟೀರಿಂಗನ್ನು ಒಮ್ಮೆಲೇ ತಿರುಗಿಸಬಾರದು, ಡಾಂಬರಿಗೆ ಬರುವ ಮುನ್ನ ಮತ್ತೆ ತುಂಬಬೇಕು. ಒಂದು ಒಳ್ಳೆಯ ಕಂಪ್ರೆಸರ್ ಮತ್ತು ಮಾಪಕಕ್ಕೆ ಹಾಕಿದ ಹಣ ಬೇರೆ ಯಾವ ಬಿಡಿಭಾಗಕ್ಕೆ ಹಾಕಿದ್ದಕ್ಕಿಂತಲೂ ಹೆಚ್ಚು ದೂರ ಒಯ್ಯುತ್ತದೆ.

ಟೈರಿನ ಅಳತೆಯನ್ನು ಒಂದು ಮೆಟ್ಟಿಲು ಏರಿಸಿದರೂ ಪರಿಣಾಮವಿದೆ. 265/60 ಆರ್18 ಬದಲು 265/65 ಹಾಕಿದರೆ ವ್ಯಾಸ 775ರಿಂದ ಸುಮಾರು 802 ಮಿಲಿಮೀಟರಿಗೆ ಏರುತ್ತದೆ, ಅಂದರೆ ನೂರಕ್ಕೆ ಮೂರೂವರೆಯಷ್ಟು. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಅಳತೆಗಿಂತ ಮುಖ್ಯವಾದದ್ದು ಭಾರದ ಸಂಖ್ಯೆ. ಟೈರಿನ ಮೇಲೆ 112 ಎಂದಿದ್ದರೆ ಒಂದು ಟೈರ್ 1,120 ಕಿಲೋ ಹೊರುತ್ತದೆ. ಕಂಪನಿ ಕೊಟ್ಟ ಸಂಖ್ಯೆಗಿಂತ ಕೆಳಗೆ ಇಳಿಯಬೇಡಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮವಾದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಾಯಿತು. ಬಂಪರಿನ ಮೇಲೆ ಹಾಕುವ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಕಾರಣ ಸರಿಯಾದದ್ದೇ: ಉಕ್ಕಿನ ಗಾರ್ಡ್ ಪಾದಚಾರಿಯ ಮೂಳೆ ಮುರಿಯುತ್ತದೆ, ಡಿಕ್ಕಿಯ ಹೊಡೆತವನ್ನು ಹೀರಬೇಕಾದ ಮುಂಭಾಗವನ್ನು ದಾಟಿಸಿ ನೇರ ಚಾಸಿಸ್‌ಗೆ ಕಳುಹಿಸುತ್ತದೆ, ಏರ್‌ಬ್ಯಾಗ್ ತೆರೆಯುವ ಗಳಿಗೆಯನ್ನು ಕೆಡಿಸಬಹುದು. ಹಾಗಾಗಿ ನನ್ನ ಕೆಲಸವೆಲ್ಲ ಬೋಲ್ಟ್ ಬಿಚ್ಚಿದರೆ ಕಳಚಿ ಬರುವ ಸಾಮಾನುಗಳಲ್ಲಿ. ಗಾಡಿಯ ಎತ್ತರ ಏರಿಸಬೇಕೆನ್ನುವವರು ಆರ್‌ಟಿಒ ಮತ್ತು ವಿಮಾ ಕಂಪನಿ ಎರಡನ್ನೂ ಲಿಖಿತವಾಗಿ ಕೇಳಿಯೇ ಬರಲಿ.

ವೈರಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಗಾಡಿಗೆ ಬೆಂಕಿ ಹತ್ತುವ ದಾರಿ ಇದು. ಹಿಂದೆ ಫ್ರಿಜ್ ಇಟ್ಟು, ಮನೆಗೆ ಬಳಸುವ 1.5 ಚದರ ಮಿಲಿಮೀಟರ್ ವೈರನ್ನು ಮುಂದಿನ ಬ್ಯಾಟರಿಯಿಂದ ಎಳೆದಿರುತ್ತಾರೆ. ಹೋಗಿಬರುವ ಉದ್ದ ಹತ್ತು ಮೀಟರ್. ಫ್ರಿಜ್ 5 ಆಂಪಿಯರ್ ಎಳೆದಾಗ ದಾರಿಯಲ್ಲೇ 0.6 ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್ ಕಾಣುವುದು 11.6. ಬ್ಯಾಟರಿ ಮುಗಿಯಿತೆಂದು ಅದು ನಿಂತುಬಿಡುತ್ತದೆ. ಮಾಲೀಕರು ಹೊಸ ಬ್ಯಾಟರಿ ಕೊಳ್ಳುತ್ತಾರೆ. ಅದೇ ಜಾಗದಲ್ಲಿ 6 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿದರೆ ನಷ್ಟ 0.15 ವೋಲ್ಟ್ ಮಾತ್ರ. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಮಗ್ಗುಲಲ್ಲಿ, ಫ್ರಿಜ್ ಬಳಿ ಅಲ್ಲ. ನಡುದಾರಿಯಲ್ಲಿ ವೈರ್ ತೇಯ್ದು ಚಾಸಿಸ್‌ಗೆ ತಾಗಿದರೆ, ಹಿಂದಿರುವ ಫ್ಯೂಸ್ ಏನೂ ಕಾಪಾಡುವುದಿಲ್ಲ.

ಸ್ನಾರ್ಕೆಲ್ ಎಂಜಿನ್‌ಗೆ ಎತ್ತರದ ಗಾಳಿ ಕೊಡುತ್ತದೆ, ಗಣಿ ರಸ್ತೆಯ ಕೆಂಪು ಧೂಳಿನಲ್ಲಿ ಏರ್ ಫಿಲ್ಟರ್ ಬಾಳಿಕೆ ಹೆಚ್ಚಿಸುತ್ತದೆ. ಅದಿದ್ದ ಮಾತ್ರಕ್ಕೆ ಹೊಳೆಗೆ ಇಳಿಯಬೇಡಿ. ಆಕ್ಸಲ್ ನಡುವಿನ ಗೇರುಗಳ ಡಬ್ಬಿ, ಅಂದರೆ ಡಿಫರೆನ್ಷಿಯಲ್, ಓಡಿ ಬಿಸಿಯಾಗಿ ತಣ್ಣೀರಿಗೆ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ಅದರ ಉಸಿರುಕೊಳವೆಗೆ ಒಂದು ರಬ್ಬರ್ ಪೈಪ್ ಜೋಡಿಸಿ ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ಯುವುದು ಕೆಲವೇ ನೂರು ರೂಪಾಯಿಯ ಕೆಲಸ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವಾಗ ಹಗ್ಗವನ್ನು ಟ್ರೇಲರ್ ಕೊಕ್ಕೆಯ ಉಕ್ಕಿನ ಉಂಡೆಗೆ ಕಟ್ಟಲೇಬಾರದು. ಅದು ಮುರಿದರೆ ಬಂದೂಕಿನ ಗುಂಡಿನಂತೆ ಹಾರಿ ಗಾಜನ್ನು ತೂರಿ ಒಳಗಿದ್ದವರನ್ನು ಕೊಲ್ಲಬಹುದು. ಚಾಸಿಸ್‌ಗೇ ಬೋಲ್ಟ್ ಆದ, ಭಾರದ ಅಂಕಿ ಅಚ್ಚಾಗಿರುವ ಕೊಂಡಿಗಳು ಮುಂದೆ ಮತ್ತು ಹಿಂದೆ ಇರಲಿ.

ಎಲ್ಲ ಜೋಡಿಸಿದ ಮೇಲೆ ಪೂರ್ತಿ ಸಾಮಾನು ಹೇರಿ, ನೀರು ತುಂಬಿಸಿ, ಹತ್ತಿರದಲ್ಲೇ ಒಂದು ರಾತ್ರಿ ತಂಗಿ ಬನ್ನಿ. ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಯ ಹಳ್ಳಿ ರಸ್ತೆಗಳು ಸಾಕು. ಜೋಗಿಮಟ್ಟಿಯ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ದಯವಿಟ್ಟು ಚಕ್ರ ಉರುಳಿಸಬೇಡಿ. ಅದು ಖಾಲಿ ಬಯಲಲ್ಲ, ದನಗಳ ಮೇವು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮನೆ. ಹಿಂದಿರುಗಿದ ಮೇಲೆ ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಿರಿ, ಹೊಸ ಪಾಟಾ ಕೂರುವಾಗ ಅವು ಸಡಿಲವಾಗುತ್ತವೆ. ಕೇಬಲ್ ಲೋಹವನ್ನು ದಾಟುವ ಒಂದೊಂದು ತೂತಿನಲ್ಲೂ ರಬ್ಬರ್ ಬಳೆ ಇದೆಯೇ, ಅದರ ಬಳಿ ವೈರಿನ ಹೊದಿಕೆ ಹೊಳೆಯುತ್ತಿದೆಯೇ ಎಂದು ಬೆರಳಾಡಿಸಿ ನೋಡಿ. ಹೊಳೆಯುತ್ತಿದ್ದರೆ ಅಲ್ಲಿ ಉಜ್ಜುತ್ತಿದೆ. ಆ ತುಂಡನ್ನು ಬದಲಾಯಿಸಿಯೇ ಲಡಾಖ್‌ನ ದಿನಾಂಕ ಗೊತ್ತುಮಾಡಿ.