ಪ್ರಶ್ನೆ ಯಾರದು? ಆರೋಗ್ಯದಲ್ಲಿ ಸಮತೆ ಕುರಿತು ಓದಿನ ಟಿಪ್ಪಣಿ

ಆರೋಗ್ಯದಲ್ಲಿ ಸಮತೆ ಎಂಬ ಪಾಠದಲ್ಲಿ ಮೊದಲು ತೊಡಕಾಗುವುದು ಎರಡು ಪದ. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದರೆ ಅದು ಸಮಾನತೆ. ಯಾರಿಗೆ ಎಷ್ಟು ಬೇಕೋ ಅಷ್ಟು ಸಿಕ್ಕರೆ ಸಮತೆ. ವ್ಯಾಖ್ಯೆ ಇಷ್ಟೇ, ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ.

1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು 'ವಿಲೋಮ ಆರೈಕೆ ನಿಯಮ'ದ ಬಗ್ಗೆ ಬರೆದರು. ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ಕೆಲಸ ಮಾಡಿದವರು ಅವರು. ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಅನ್ನುವುದು ಈ ನಿಯಮದ ತಿರುಳು. ಇದನ್ನು ನಾವು ಆಸ್ಪತ್ರೆ, ಡಾಕ್ಟರು, ಔಷಧಿಗೆ ಮಾತ್ರ ಹೊಂದಿಸಿ ಓದುತ್ತೇವೆ. ಸಂಶೋಧನೆಗೂ ಇದು ಅಷ್ಟೇ ಸಲ್ಲುತ್ತದೆ, ಅದು ಯಾರಿಗೆ ಹೆಚ್ಚು ಬೇಕೋ ಅವರನ್ನೇ ಬಿಟ್ಟುಬಿಡಬಹುದು ಅಂತ ನನಗೆ ಹೊಳೆದದ್ದು ತಡವಾಗಿ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನೇ ನೋಡಿ. ಅದರೊಳಗಿಂದ ಎರಡು ಬಗೆಯ ಬೆಳಕು ಬರುತ್ತದೆ: ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು. ಬೆರಳನ್ನು ದಾಟಿ ಆಚೆ ಬಂದ ಬೆಳಕೆಷ್ಟು ಅನ್ನುವುದರ ಮೇಲೆ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಆದರೆ ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ, ಅಲ್ವಾ? 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಯಂತ್ರ ಆಮ್ಲಜನಕದ ಮಟ್ಟ ಶೇ. 92ರಿಂದ 96 ಎಂದು ತೋರಿಸಿದ ಅಳತೆಗಳನ್ನು ರಕ್ತ ಪರೀಕ್ಷೆಯ ಜೊತೆ ಹೋಲಿಸಿತು. ಕಪ್ಪು ವರ್ಣೀಯರಲ್ಲಿ ನೂರಕ್ಕೆ ಸುಮಾರು 12 ಸಲ ನಿಜವಾದ ಮಟ್ಟ ಶೇ. 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಸುಮಾರು 4 ಸಲ. ಉಸಿರಿಗೆ ಕಷ್ಟಪಡುತ್ತಿರುವವರ ಬೆರಳಲ್ಲಿ ಕೂತ ಯಂತ್ರ 'ಎಲ್ಲ ಸರಿಯಿದೆ' ಅನ್ನುತ್ತಿತ್ತು. ಇಲ್ಲಿ ಯಾರೂ ಬೇಕಂತ ಮೋಸ ಮಾಡಿಲ್ಲ. ಎಲ್ಲ ಬಗೆಯ ಚರ್ಮದ ಮೇಲೂ ಸಾಕಷ್ಟು ಪರೀಕ್ಷೆ ಮಾಡದಿದ್ದರೆ ತಪ್ಪು ಹೀಗೆ ಅಡಗಿ ಕೂರುತ್ತದೆ.

ಲೆಕ್ಕದಲ್ಲೂ ಹೀಗೇ ಎಡವಬಹುದು. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸಲು ಅಮೆರಿಕದಲ್ಲಿ ಬಳಸುತ್ತಿದ್ದ ಒಂದು ಅಲ್ಗಾರಿದಮ್ಮನ್ನು, ಅಂದರೆ ಕಂಪ್ಯೂಟರಿನ ಲೆಕ್ಕದ ಸೂತ್ರವನ್ನು, 2019ರಲ್ಲಿ ಸಂಶೋಧಕರು ಬಿಚ್ಚಿ ನೋಡಿದರು. ಕಾಯಿಲೆ ಎಷ್ಟಿದೆ ಎಂದು ತಿಳಿಯಲು ಅದು ಚಿಕಿತ್ಸೆಗೆ ಖರ್ಚು ಎಷ್ಟಾಗಿದೆ ಎಂದು ನೋಡುತ್ತಿತ್ತು. ಆಸ್ಪತ್ರೆ ಬಾಗಿಲು ತಲುಪುವುದೇ ಕಷ್ಟವಾದವರಿಗೆ ಖರ್ಚು ಹೇಗೆ ಜಾಸ್ತಿಯಾದೀತು? ಈ ತಪ್ಪನ್ನು ತಿದ್ದಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ವರ್ಣೀಯರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆ ಎಂದು ಅವರು ತೋರಿಸಿದರು.

ಹಾಗಾದರೆ ಸಂಶೋಧನೆಯಲ್ಲಿ ಎಲ್ಲ ಬಗೆಯ ಜನರನ್ನೂ ಸೇರಿಸಿಕೊಂಡರಾಯಿತು ಅನಿಸಬಹುದು. ಆದರೆ 'ಜನ ಸಹಕರಿಸುವುದಿಲ್ಲ' ಎಂದು ದೂರುವ ಮೊದಲು ಟಸ್ಕೀಗಿಯ ಕಥೆ ಓದಬೇಕು. 1932ರಿಂದ 1972ರವರೆಗೆ ಅಮೆರಿಕದ ಅಲಬಾಮಾ ರಾಜ್ಯದ ಈ ಊರಿನ ಸುತ್ತ ಸರ್ಕಾರಿ ಆರೋಗ್ಯ ಸೇವೆಯೇ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ವರ್ಣೀಯರನ್ನು ಸುಮ್ನೆ ಗಮನಿಸುತ್ತಾ ಕೂತಿತ್ತು. ಅದನ್ನು ವಾಸಿಮಾಡುವ ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅವರಿಗಿರುವುದು ಯಾವ ರೋಗ ಎಂದೂ ಸರಿಯಾಗಿ ಹೇಳಲಿಲ್ಲ. ಇಂಥದ್ದನ್ನು ಕಂಡವರ ಮಕ್ಕಳು, ಮೊಮ್ಮಕ್ಕಳು ಸಂಶೋಧಕರನ್ನು ಅನುಮಾನದಿಂದ ನೋಡಿದರೆ ಅದನ್ನು ಅಜ್ಞಾನ ಅನ್ನುವುದು ಅನ್ಯಾಯ.

ಜನರ ಪಾಲುಗೊಳ್ಳುವಿಕೆಯಲ್ಲೂ ಮಟ್ಟಗಳಿವೆ. 1969ರಲ್ಲಿ ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ ಇದನ್ನು 8 ಮೆಟ್ಟಿಲ ಏಣಿಯಾಗಿ ವಿವರಿಸಿದರು. ಜನರಿಗೆ ವಿಷಯ ತಿಳಿಸುವುದು 3ನೇ ಮೆಟ್ಟಿಲು, ಅಭಿಪ್ರಾಯ ಕೇಳುವುದು 4ನೇದು. ಇವೆರಡನ್ನೂ ಅವರು ಬರೀ ತೋರಿಕೆಯ ಗುಂಪಿಗೆ ಸೇರಿಸಿದ್ದಾರೆ. ಸಹಭಾಗಿತ್ವ ಶುರುವಾಗುವುದು 6ರಲ್ಲಿ. ಒಂದು ಸಭೆ ಕರೆದು, ಫಾರ್ಮ್ ತುಂಬಿಸಿ, ಫೋಟೊ ತೆಗೆಸಿಕೊಂಡರೆ ನಾವಿನ್ನೂ 4ನ್ನು ದಾಟಿಲ್ಲ. ಏನನ್ನು ಅಧ್ಯಯನ ಮಾಡಬೇಕು, ಹಣ ಎಲ್ಲಿಗೆ ಹೋಗಬೇಕು, ಸಿಕ್ಕ ಉತ್ತರವನ್ನು ಏನು ಮಾಡಬೇಕು ಎಂದು ತೀರ್ಮಾನಿಸುವಾಗ ಜನ ಕೂತಿದ್ದರಾ? ನಾನು ಯಾವ ಯೋಜನೆಯ ವರದಿ ಓದಿದರೂ ಈಗ ಮೊದಲು ಇದನ್ನೇ ಹುಡುಕುತ್ತೇನೆ.

ಮೇಲಿನ ಮೆಟ್ಟಿಲು ಹೇಗಿರುತ್ತದೆ ಅನ್ನುವುದಕ್ಕೆ ನನಗೆ ತುಂಬ ಹಿಡಿಸಿದ ಉದಾಹರಣೆ ಮಹಾರಾಷ್ಟ್ರದ ಗಡಚಿರೋಲಿಯದು. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ 1980ರ ದಶಕದಲ್ಲಿ ಅಲ್ಲಿ 'ಸರ್ಚ್' ಸಂಸ್ಥೆ ಕಟ್ಟಿದರು. ನೀವು ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ ಎಂದು ಆದಿವಾಸಿಗಳನ್ನು ಕೇಳಿದರು. ಡಾಕ್ಟರು, ನರ್ಸುಗಳ ಬಿಳಿ ಬಟ್ಟೆ ಕಂಡರೆ ಭಯ ಎಂಬ ಉತ್ತರ ಬಂತು. ಅವರಲ್ಲಿ ಹೆಣಕ್ಕೆ ಹೊದಿಸುವುದು ಬಿಳಿ ಬಟ್ಟೆ! ಕೊನೆಗೆ ಆಸ್ಪತ್ರೆಯನ್ನು ಅವರ ಹಾಡಿಯ ಹಾಗೇ ಗುಡಿಸಲುಗಳ ರೂಪದಲ್ಲಿ ಕಟ್ಟಿ, ಅವರ ದೇವತೆ ದಂತೇಶ್ವರಿಯ ಹೆಸರಿಟ್ಟರು.

ಹಸುಗೂಸುಗಳ ಸಾವು ತಡೆಯುವ ಪ್ರಯೋಗವನ್ನೂ ಹಳ್ಳಿಯ ಹೆಂಗಸರ ಕೈಗೇ ಕೊಟ್ಟರು. 39 ಹಳ್ಳಿಗಳಲ್ಲಿ ಅವರು ಮನೆಮನೆಗೆ ಹೋಗಿ ಮಗುವಿನ ತೂಕ ನೋಡಿದರು, ಬೆಚ್ಚಗಿಡುವುದನ್ನು ತೋರಿಸಿದರು, ನಂಜಿನ ಲಕ್ಷಣ ಕಂಡರೆ ಚುಚ್ಚುಮದ್ದು ಕೊಟ್ಟರು. ಪಕ್ಕದಲ್ಲೇ ಹೋಲಿಕೆಗೆ 47 ಹಳ್ಳಿಗಳಿದ್ದವು. ಅವುಗಳ ಜೊತೆ ಹೋಲಿಸಿದಾಗ ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿದಿತ್ತು. ಈ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ಭಾರತ ಸರ್ಕಾರ ಮನೆಯಲ್ಲೇ ನವಜಾತ ಶಿಶು ಆರೈಕೆಯ ಕಾರ್ಯಕ್ರಮ ತಂದಿತು. ಅದರಂತೆ, ಹೆರಿಗೆ ಆಸ್ಪತ್ರೆಯಲ್ಲಾದರೆ 6 ಸಲ, ಮನೆಯಲ್ಲಾದರೆ 7 ಸಲ, 42 ದಿನದೊಳಗೆ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬಂದು ಮಗುವನ್ನು ನೋಡುತ್ತಾರೆ.