ನಾಲ್ಕು ಬೆರಳು ಕಮ್ಮಿ ಬಿದ್ದ ವೈರು

ಏರ್‌ಬಸ್ ಕಂಪನಿಯ ಎರಡಂತಸ್ತಿನ ದೊಡ್ಡ ವಿಮಾನ ಎ380 ತಯಾರಾಗುವುದು ತಡವಾಗಿದ್ದಕ್ಕೆ ಸಾಫ್ಟ್‌ವೇರ್ ಕಾರಣ ಅಂತ ಎಲ್ಲರೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಸುಳ್ಳಲ್ಲ. ಆದರೆ ಮದುವೆಮನೆಯಲ್ಲಿ ಊಟ ತಡವಾಯಿತು ಅಂತ ಸೌಟನ್ನು ಬೈದ ಹಾಗಾಯಿತು ಅದು.

ಆ ವಿಮಾನದಲ್ಲಿ ಸುಮಾರು 530 ಕಿ.ಮೀ. ವೈರಿದೆ. ಒಡಲಿನ ಮುಂದಿನ ಮತ್ತು ಹಿಂದಿನ ತುಂಡುಗಳು ಜರ್ಮನಿಯ ಹ್ಯಾಂಬರ್ಗಿನಿಂದ ವೈರು ತುಂಬಿಕೊಂಡೇ ಬರಬೇಕಿತ್ತು, ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಣೆ. 2006ರಲ್ಲಿ ನೋಡಿದರೆ, ಕಂತೆ ಎಳೆದು ಹಿಡಿದರೂ ಕನೆಕ್ಟರ್ ತನ್ನ ಜಾಗ ಮುಟ್ಟುತ್ತಿಲ್ಲ. ಕೆಲವೇ ಸೆಂಟಿಮೀಟರ್ ಸಾಲದು!

ಹ್ಯಾಂಬರ್ಗ್‌ನವರು ಕ್ಯಾಟಿಯಾ ಅನ್ನೋ ವಿನ್ಯಾಸದ ಸಾಫ್ಟ್‌ವೇರಿನ 4ನೇ ವರ್ಷನ್‌ನಲ್ಲಿ ಚಿತ್ರ ಬರೆಯುತ್ತಿದ್ದರು, ಟುಲೂಸ್‌ನವರು 5ನೆಯದರಲ್ಲಿ. ಇಲ್ಲೊಂದು ಬ್ರಾಕೆಟ್ ಸರಿದರೆ ಅಲ್ಲಿನ ವೈರಿಗೆ ಅದು ಸರಿಯಾಗಿ ತಿಳಿಯುತ್ತಿರಲಿಲ್ಲ. ಅದರ ಮೇಲೆ, ತೂಕ ಉಳಿಸಲು ಕೆಲವು ಕಡೆ ತಾಮ್ರದ ಬದಲು ಅಲ್ಯೂಮಿನಿಯಂ. ಅಷ್ಟೇ ಕರೆಂಟ್ ಸಾಗಿಸಲು ಅದು ದಪ್ಪ ಇರಬೇಕು, ತಾಮ್ರದಷ್ಟು ಗಿಡ್ಡ ತಿರುವಿನಲ್ಲಿ ಬಗ್ಗಿಸುವಂತಿಲ್ಲ, ಹಾಗಾಗಿ ಉದ್ದವೂ ಹೆಚ್ಚು ಬೇಕು. ದೀಪಾವಳಿಗೆ ಸೀರಿಯಲ್ ಸೆಟ್ ಹಾಕಿದ್ದೀರಲ್ವಾ? ಗೋಡೆ ಅಳೆದು ತಂದಿರುತ್ತೀರಿ, ಕಂಬ ಸುತ್ತಿ ಬರುವಷ್ಟರಲ್ಲಿ ಪ್ಲಗ್ ಸ್ವಿಚ್‌ಬೋರ್ಡಿಗೆ ಎಟುಕುವುದಿಲ್ಲ. ಮನೆಯಲ್ಲಾದರೆ ಎಕ್ಸ್‌ಟೆನ್ಶನ್ ಬಾಕ್ಸ್ ಇದೆ. ಇಲ್ಲಿ ಒಂದೊಂದು ಕಂತೆಯಲ್ಲೂ ರಾಶಿ ವೈರು, ಎಲ್ಲವೂ ಅಳತೆಗೆ ಕತ್ತರಿಸಿದವು. ಹ್ಯಾಂಗರಿನ ಮೇಲಿನ ಅಂಗಿ ಅಳೆದು ಮದುಮಗನಿಗೆ ಕೋಟು ಹೊಲಿದ ದರ್ಜಿಯ ಪಾಡು ನೆನೆಸಿಕೊಳ್ಳಿ. ಸಾಲದ್ದಕ್ಕೆ ಪ್ರತಿ ಏರ್‌ಲೈನಿನ ಸೀಟು, ಟಿವಿ ಬೇರೆ ಬೇರೆ, ಅಂದರೆ ಮದುಮಗನೂ ಪ್ರತಿ ಸಲ ಬೇರೆ.

ಸರಿ, ಎರಡು ವರ್ಷನ್ ಯಾಕಿದ್ದವು? ನನಗೆ ರುಚಿ ಹತ್ತಿದ್ದು ಇಲ್ಲೇ. ಏರ್‌ಬಸ್ 1970ರಲ್ಲಿ ಹುಟ್ಟಿದ್ದು ಬೇರೆ ಬೇರೆ ದೇಶದ ಕಂಪನಿಗಳ ಕೂಟವಾಗಿ. ಒಂದೇ ಕಂಪನಿ ಆದದ್ದು 2001ರಲ್ಲಿ, ಎ380 ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ! ಬೋರ್ಡು ಬದಲಾಯಿತು, ಅಡುಗೆಮನೆಗಳು ಹಾಗೇ ಉಳಿದವು. ಆಗಿನ ಮಾತೃಸಂಸ್ಥೆ ಇಎಡಿಎಸ್‌ಗೆ ಇಬ್ಬರು ಸಿಇಒ ಇದ್ದರು, ಒಬ್ಬ ಫ್ರೆಂಚ್, ಒಬ್ಬ ಜರ್ಮನ್. ಒಂದು ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೋ ಅದರ ನಕಲೇ ಅದರ ವಿನ್ಯಾಸದಲ್ಲಿ ಮೂಡುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೆ 1968ರಲ್ಲೇ ಬರೆದಿದ್ದ. ಅವನ ಮಾತನ್ನು ಜನ ಹೆಚ್ಚಾಗಿ ನೆನೆಯುವುದು ಕಂಪ್ಯೂಟರ್ ಪ್ರೋಗ್ರಾಮುಗಳ ವಿಷಯಕ್ಕೆ, ಇಲ್ಲಿ ವೈರಿನಲ್ಲೇ ಕಣ್ಣಿಗೆ ಕಾಣುತ್ತದೆ. ಸಿಸ್ಟಮ್ಸ್ ಎಂಜಿನಿಯರಿಂಗ್ ಅಂದರೆ ಸುಮ್ನೆ ದೊಡ್ಡ ಚಾರ್ಟು ಬರೆಯೋದಲ್ಲ. ಎರಡು ತುಂಡು ಕೂಡುವ ಜಾಗಕ್ಕೆ ಯಜಮಾನ ಯಾರು ಅಂತ ಮೊದಲೇ ಕೇಳೋದು.

ಕೊನೆಗೆ ಹ್ಯಾಂಬರ್ಗಿನ ನೂರಾರು ಕೆಲಸಗಾರರು ಟುಲೂಸ್‌ಗೇ ಬಂದು, ಮೊದಲ ವಿಮಾನಗಳ ವೈರನ್ನು ಕೈಯಲ್ಲೇ ಸರಿಮಾಡಿದರು. 2007ರ ಅಕ್ಟೋಬರಿನಲ್ಲಿ ಮೊದಲನೆಯದು ಸಿಂಗಪುರ ಏರ್‌ಲೈನ್ಸ್‌ಗೆ ಹೋಯಿತು. ಮುಂದಿನ ವಿಮಾನ ಎ350ಕ್ಕೆ ಎಲ್ಲರಿಗೂ ಒಂದೇ ಡಿಜಿಟಲ್ ಮಾದರಿ.